ಮುಖಕ್ಕೆ ಬಣ್ಣ, ನೆತ್ತಿಗೆ ಪೆಟ್ಟು

ನಾಲ್ಕು ಬಾಗಿಲಿನ ಕೂಪೆ ಎನ್ನುವುದು ಕಾರು ಲೋಕ ಹೇಳಿದ ಸುಳ್ಳುಗಳಲ್ಲೇ ಅತ್ಯಂತ ಚೆಂದದ ಸುಳ್ಳು. ಅದರ ಫೇಸ್‌ಲಿಫ್ಟ್ ಎನ್ನುವುದು ಆ ಸುಳ್ಳಿನ ಗೋಡೆಗೆ ಮೂರ್ನಾಲ್ಕು ವರ್ಷಕ್ಕೊಮ್ಮೆ ಹೊಡೆಯುವ ಸುಣ್ಣ. ಇದನ್ನು ಓದಿ ಸಿಟ್ಟಾಗುವವರು ನನ್ನ ಗೆಳೆಯರಲ್ಲೇ ನಾಲ್ಕಾರು ಮಂದಿ ಇದ್ದಾರೆ. ಅವರ ವಾಟ್ಸಾಪ್ ಡಿಪಿಯಲ್ಲಿ ಹೆಂಡತಿ ಮಕ್ಕಳಿಗಿಂತ ಮುಂದೆ ಕಾರು ನಿಂತಿರುತ್ತದೆ. ಸಿಟ್ಟಾಗಲಿ. ಜಗಳ ಆಡುವುದಕ್ಕೇ ಬರೆಯುತ್ತಿದ್ದೇನೆ. ಆದರೆ ಜಗಳ ಅವರ ಜೊತೆಗಲ್ಲ, ಅವರಿಗೆ ಆ ಕಾರನ್ನು ಮಾರಿದ ತರ್ಕದ ಜೊತೆಗೆ.

ನಾನು ಎಲ್ಲಿ ನಿಂತು ಮಾತಾಡುತ್ತಿದ್ದೇನೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಊರು ಕಲಬುರಗಿ ಕಡೆ. ಓದಿದ್ದು ಎಂ.ಟೆಕ್. ಹೊಟ್ಟೆಪಾಡು ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರಾಜೆಕ್ಟ್ ಮ್ಯಾನೇಜರಿಕೆ. ಹೆಂಡತಿಯ ಕೆಲಸ ಕುರಕುಂಭ ಎಂಐಡಿಸಿಯಲ್ಲಿ ಇರುವುದರಿಂದ ಮನೆ ದೌಂಡಿನಲ್ಲಿ. ವಾರಕ್ಕೆ ಮೂರು ದಿನ ರೈಲು ಹತ್ತಿ ಪುಣೆಯ ಆಫೀಸಿಗೆ ಹೋಗುತ್ತೇನೆ. ಪಾಟಸ್, ಕೆಡಗಾಂವ್, ಯವತ್, ಉರುಳಿ, ಲೋಣಿ ದಾಟುತ್ತಾ ಹೋದಂತೆ ಕಿಟಕಿಯಲ್ಲಿ ಕಬ್ಬು ಕಾಣುತ್ತದೆ, ಎದುರು ಕೂತ ಹುಡುಗರ ಮೊಬೈಲಿನಲ್ಲಿ ಕಾರು ಕಾಣುತ್ತದೆ. ಹೊಸ ಗ್ರಿಲ್, ಹೊಸ ಬಂಪರ್, ಹೊಸ ಸ್ಕ್ರೀನ್, ಅರವತ್ತನಾಲ್ಕು ಬಣ್ಣದ ಲೈಟು. ನಿಲ್ಲಲೂ ಜಾಗವಿಲ್ಲದ ಬೋಗಿಯಲ್ಲಿ ಒಂಟಿಗಾಲಲ್ಲಿ ನಿಂತು ಮುಕ್ಕಾಲು ಕೋಟಿಯ ಕಾರಿನ ರಿವ್ಯೂ ನೋಡುವ ಆ ಹುಡುಗರ ಬಗ್ಗೆ ನನಗೆ ತಮಾಷೆಯಿಲ್ಲ, ಅಕ್ಕರೆಯಿದೆ. ಅವರಲ್ಲಿ ಒಬ್ಬಿಬ್ಬರು ಮುಂದೊಂದು ದಿನ ಆ ಕಾರು ಕೊಂಡೇ ಕೊಳ್ಳುತ್ತಾರೆ. ಅದಕ್ಕೇ ಈ ಮಾತು.

‘ಕೂಪೆ’ ಎಂಬುದು ಫ್ರೆಂಚ್ ಪದ. ಅರ್ಥ, ಕತ್ತರಿಸಿದ್ದು. ಕುದುರೆ ಸಾರೋಟಿನ ಕಾಲದಲ್ಲಿ ಎದುರುಬದುರಾಗಿ ಎರಡು ಸಾಲು ಸೀಟು ಇರುತ್ತಿದ್ದವು. ಅದರಲ್ಲಿ ಒಂದು ಸಾಲನ್ನು ಕತ್ತರಿಸಿ ಹಾಕಿ ಇಬ್ಬರಿಗೆ ಸಾಕಾಗುವ ಚಿಕ್ಕ ಗಾಡಿ ಮಾಡಿದರು, ಅದು ಕೂಪೆ. ಪ್ರಾಮಾಣಿಕ ಹೆಸರು. ಮೋಟಾರು ಕಾಲ ಬಂದ ಮೇಲೆ ಎರಡು ಬಾಗಿಲಿನ, ಹಿಂದಕ್ಕೆ ಇಳಿಜಾರಾದ ಕಾರಿಗೆ ಆ ಹೆಸರು ಉಳಿಯಿತು. ಅದೂ ಸರಿಯೇ. ಇಬ್ಬರಿಗಾಗಿ ಮಾಡಿದ ಕಾರು ಇಬ್ಬರಿಗಾಗಿ ಎಂದೇ ಹೇಳಿಕೊಂಡು ತಿರುಗಿತು. 1962ರಲ್ಲಿ ಇಂಗ್ಲೆಂಡಿನ ರೋವರ್ ಕಂಪನಿ ತನ್ನ ಪಿ5 ಎಂಬ ದೊಡ್ಡ ಸೆಡಾನಿನ ರೂಫನ್ನು ತಗ್ಗಿಸಿ, ನಾಲ್ಕೂ ಬಾಗಿಲು ಹಾಗೇ ಇಟ್ಟು, ಅದನ್ನು ಕೂಪೆ ಎಂದು ಕರೆಯಿತು. ಆಗ ಅದು ಒಂದು ವಿಚಿತ್ರವಷ್ಟೇ. ಆ ವಿಚಿತ್ರವನ್ನು ವ್ಯಾಪಾರ ಮಾಡಿ ತೋರಿಸಿದ್ದು ಮರ್ಸಿಡಿಸ್ ಬೆಂಜ್. 2003ರ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮಾದರಿ ತೋರಿಸಿ, 2004ರಲ್ಲಿ ಸಿಎಲ್‌ಎಸ್ ಎಂಬ ಕಾರನ್ನು ಹೊರತಂದಿತು. ಅದರ ಅಡಿಪಾಯ ಇ-ಕ್ಲಾಸ್ ಸೆಡಾನಿನದೇ. ಮೇಲಿನ ಅಂಗಿ ಮಾತ್ರ ಬೇರೆ. ಆ ಬಳಿಕ ಆಡಿ, ಬಿಎಂಡಬ್ಲ್ಯು, ಫೋಕ್ಸ್‌ವ್ಯಾಗನ್ ಎಲ್ಲರೂ ಅದೇ ಅಂಗಡಿಯ ಮುಂದೆ ಸಾಲಾಗಿ ನಿಂತರು.

ಈಗ ಎಂಜಿನಿಯರಿಂಗ್ ನೋಡೋಣ, ಅದಕ್ಕೆ ಎಂ.ಟೆಕ್ ಬೇಕಿಲ್ಲ. ಕಾರಿನ ರೂಫನ್ನು ಹಿಂದಕ್ಕೆ ಇಳಿಸುತ್ತಾ ಹೋದರೆ ಮೊದಲು ಕಡಿಮೆಯಾಗುವುದು ಹಿಂದಿನ ಸೀಟಿನವರ ತಲೆಯ ಮೇಲಿನ ಜಾಗ. ಆ ನಷ್ಟ ಮುಚ್ಚಲು ಸೀಟನ್ನು ಕೆಳಗಿಳಿಸುತ್ತಾರೆ. ಸೀಟು ಇಳಿದರೆ ಮೊಣಕಾಲು ಮೇಲೇರುತ್ತದೆ, ತೊಡೆಗೆ ಆಸರೆ ತಪ್ಪುತ್ತದೆ. ಬಾಗಿಲಿನ ಮೇಲಂಚೂ ರೂಫಿನ ಜೊತೆ ಇಳಿಯುವುದರಿಂದ ಒಳಗೆ ಹೋಗುವಾಗ ಕುತ್ತಿಗೆ ಬಗ್ಗಿಸಬೇಕು, ಹೊರಗೆ ಬರುವಾಗ ಸೊಂಟ ತಿರುಗಿಸಬೇಕು. ಹಿಂದಿನ ಗಾಜು ಮಲಗಿಬಿಡುವುದರಿಂದ ಓಡಿಸುವವನಿಗೆ ಹಿಂದಿನದು ಕಿರಿದಾಗಿ ಕಾಣುತ್ತದೆ, ಅದಕ್ಕೆ ಕ್ಯಾಮೆರಾ ಹಾಕುತ್ತಾರೆ. ಆ ಕ್ಯಾಮೆರಾವನ್ನು ‘ಫೀಚರ್’ ಎಂದು ಮಾರುತ್ತಾರೆ. ಕಿಟಕಿ ಮುಚ್ಚಿ ಫ್ಯಾನ್ ಮಾರಿದ ಹಾಗೆ.

ಸಿಎಲ್‌ಎಸ್‌ನ ಮೊದಲ ಎರಡು ಪೀಳಿಗೆಯಲ್ಲಿ ಸೀಟು ನಾಲ್ಕೇ. ಹಿಂದೆ ಇಬ್ಬರು, ಮಧ್ಯದಲ್ಲಿ ಸಾಮಾನಿಡುವ ಕಟ್ಟೆ. ಹೆಚ್ಚುಕಡಿಮೆ ಐದು ಮೀಟರು ಉದ್ದದ ಕಾರಿನಲ್ಲಿ ಐದನೆಯವನಿಗೆ ಜಾಗವಿಲ್ಲ! ಮೂರನೇ ಪೀಳಿಗೆಯಲ್ಲಿ ಐದನೇ ಸೀಟು ಬಂತು. ಅದು 2018ರಲ್ಲಿ ಭಾರತಕ್ಕೂ ಬಂತು. ಆದರೆ ಹಿಂದಿನ ಬಾಗಿಲಿನ ಇಳಿಜಾರು ಇಳಿಜಾರಾಗಿಯೇ ಉಳಿಯಿತು. 2023ರ ಆಗಸ್ಟಿನಲ್ಲಿ ಕಂಪನಿ ಸಿಎಲ್‌ಎಸ್ ತಯಾರಿಕೆಯನ್ನೇ ನಿಲ್ಲಿಸಿತು, ಅದರ ಜಾಗಕ್ಕೆ ಮತ್ತೊಂದನ್ನು ತರಲಿಲ್ಲ. ಒಂದು ಶೈಲಿಯನ್ನು ಲೋಕಕ್ಕೆ ಹಚ್ಚಿದ ಕಾರು ಹತ್ತೊಂಬತ್ತು ವರ್ಷಕ್ಕೆ ಸದ್ದಿಲ್ಲದೆ ಅಂಗಡಿ ಮುಚ್ಚಿತು. ಹಚ್ಚಿದ ಚಟ ಮಾತ್ರ ಉಳಿಯಿತು. ಈಗ ಎಸ್‌ಯುವಿಗಳಿಗೂ ‘ಕೂಪೆ’ ಎಂಬ ಬಾಲ ಹಚ್ಚುತ್ತಿದ್ದಾರೆ.

ಈ ಹತ್ತೊಂಬತ್ತು ವರ್ಷಗಳಲ್ಲಿ ಸಿಎಲ್‌ಎಸ್‌ಗೆ ಮೂರು ಫೇಸ್‌ಲಿಫ್ಟ್ ಆದವು: 2008, 2014, 2021. ಮೊದಲನೆಯದರಲ್ಲಿ ಗ್ರಿಲ್ಲಿನ ನಾಲ್ಕು ಅಡ್ಡಪಟ್ಟಿ ಎರಡಾಯಿತು, ಹಿಂದಿನ ದೀಪ ಎಲ್‌ಇಡಿ ಆಯಿತು, ಸ್ಟೀರಿಂಗ್ ಬದಲಾಯಿತು. ಎರಡನೆಯದರಲ್ಲಿ ಗ್ರಿಲ್ಲಿನ ಮೇಲೆ ವಜ್ರದಂಥ ಚುಕ್ಕಿ ಬಂದವು, ಎಂಟು ಇಂಚಿನ ಸ್ಕ್ರೀನ್ ಬಂತು, ಮಲ್ಟಿಬೀಮ್ ಹೆಡ್‌ಲೈಟ್ ಬಂತು. ಮೂರನೆಯದರಲ್ಲಿ ಆ ಚುಕ್ಕಿ ಹೋಗಿ ಪುಟ್ಟ ಪುಟ್ಟ ನಕ್ಷತ್ರ ಬಂದವು, ಬಂಪರ್ ಬದಲಾಯಿತು, ಸ್ಟೀರಿಂಗ್ ಮತ್ತೆ ಬದಲಾಯಿತು. ಪಟ್ಟಿ, ಚುಕ್ಕಿ, ನಕ್ಷತ್ರ: ನಮ್ಮೂರಲ್ಲಿ ಸೀರೆ ಅಂಗಡಿಯವನು ಇದಕ್ಕಿಂತ ಹೆಚ್ಚು ವೆರೈಟಿ ತೋರಿಸುತ್ತಾನೆ. ಮೂರು ಸಲವೂ ರೂಫ್ ಒಂದಿಂಚು ಏರಲಿಲ್ಲ. ಏರುವುದೂ ಇಲ್ಲ. ನನ್ನ ವಾದದ ಮೊಳೆ ಇರುವುದು ಇಲ್ಲೇ.

ಫೇಸ್‌ಲಿಫ್ಟ್ ಹೇಗೆ ನಡೆಯುತ್ತದೆ? ಒಂದು ಕಾರಿನ ಆಯುಷ್ಯ ಕಂಪನಿಯ ಲೆಕ್ಕದಲ್ಲಿ ಸುಮಾರು ಏಳು ವರ್ಷ. ಮಧ್ಯದಲ್ಲಿ, ಮೂರ್ನಾಲ್ಕನೇ ವರ್ಷಕ್ಕೆ, ಮಾರಾಟ ಇಳಿಯತೊಡಗುತ್ತದೆ. ಆಗ ಏನನ್ನಾದರೂ ಹೊಸದು ಮಾಡಬೇಕು. ಬಾಗಿಲು, ರೂಫ್, ಪಕ್ಕದ ತಗಡು ಇವೆಲ್ಲ ದೈತ್ಯ ಪ್ರೆಸ್ಸುಗಳಲ್ಲಿ, ಭಾರೀ ದುಡ್ಡು ಸುರಿದು ಮಾಡಿಸಿದ ಅಚ್ಚುಗಳಿಂದ ಬರುವವು. ಅವನ್ನು ಮುಟ್ಟಿದರೆ ಅಪಘಾತ ಪರೀಕ್ಷೆಯಿಂದ ಹಿಡಿದು ಎಲ್ಲವನ್ನೂ ಮತ್ತೆ ಮಾಡಬೇಕು. ಬಂಪರ್, ಗ್ರಿಲ್ ಪ್ಲಾಸ್ಟಿಕ್ಕಿನವು. ದೀಪ, ಸ್ಕ್ರೀನ್, ಚಕ್ರದ ಅಲಾಯ್ ಹೊರಗಿನ ಪೂರೈಕೆದಾರರು ತಂದುಕೊಡುವವು. ಬದಲಾಯಿಸಲು ಅಗ್ಗವಾದದ್ದನ್ನು ಬದಲಾಯಿಸುತ್ತಾರೆ, ಬದಲಾಯಿಸಲು ದುಬಾರಿಯಾದದ್ದನ್ನು ಬಿಡುತ್ತಾರೆ. ಸಾಮಾನ್ಯ ಸೆಡಾನಿನಲ್ಲಿ ಇದರಿಂದ ದೊಡ್ಡ ಅನ್ಯಾಯವಿಲ್ಲ. ಆದರೆ ನಾಲ್ಕು ಬಾಗಿಲಿನ ಕೂಪೆಯ ಮೂಲ ದೋಷ ಇರುವುದೇ ರೂಫಿನಲ್ಲಿ. ಅಂದರೆ ಇಂಥ ಕಾರಿನ ಫೇಸ್‌ಲಿಫ್ಟ್ ಎಂದರೆ, ಅದರ ನಿಜವಾದ ತೊಂದರೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಅಪ್‌ಡೇಟ್ ಮಾಡುವ ಕ್ರಿಯೆ. ಹೊಟ್ಟೆನೋವಿಗೆ ಹೋದವನಿಗೆ ಮೂರು ಸಲ ಕ್ಷೌರ ಮಾಡಿ ಕಳಿಸಿದ ಹಾಗೆ.

ಈ ಆಟ ಹೊಸದಲ್ಲ. 1920ರ ದಶಕದಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನ ಆಲ್ಫ್ರೆಡ್ ಸ್ಲೋನ್ ಕಂಡುಕೊಂಡ ಸತ್ಯ ಇದು: ಕಾರು ಹಾಳಾಗುವ ತನಕ ಕಾಯಬೇಕಿಲ್ಲ, ಹಳತಾಗಿ ಕಾಣುವಂತೆ ಮಾಡಿದರೆ ಸಾಕು. 1927ರಲ್ಲಿ ಆತ ಹಾರ್ಲಿ ಅರ್ಲ್ ಎಂಬ ವಿನ್ಯಾಸಕಾರನ ಕೈಗೆ ಒಂದು ಇಡೀ ವಿಭಾಗ ಕೊಟ್ಟ. ಅತ್ತ ಹೆನ್ರಿ ಫೋರ್ಡ್ ಒಂದೇ ಮಾಡೆಲ್ ಟಿ ಹಿಡಿದು ಕೂತಿದ್ದ. ಇತ್ತ ಸ್ಲೋನ್ ವರ್ಷವರ್ಷವೂ ಮುಖ ಬದಲಿಸಿ ಅವನನ್ನು ಹಿಂದೆ ಹಾಕಿದ. ಅಂದಿನಿಂದ ಕಾರು ಕೊಂಡವನ ಅತೃಪ್ತಿಯೂ ಕಾರ್ಖಾನೆಯಲ್ಲೇ ತಯಾರಾಗುತ್ತದೆ.

ನಮ್ಮಲ್ಲಿ ಇದರ ಬಡ ಆವೃತ್ತಿಯೂ ಇತ್ತು. ಅಂಬಾಸಿಡರ್ 1962ರಲ್ಲಿ ಮಾರ್ಕ್ 2 ಆಯಿತು, 1975ರಲ್ಲಿ ಮಾರ್ಕ್ 3, 1979ರಲ್ಲಿ ಮಾರ್ಕ್ 4. ಪ್ರತಿ ಸಲವೂ ಮುಖ್ಯವಾಗಿ ಬದಲಾಗುತ್ತಿದ್ದದ್ದು ಗ್ರಿಲ್ಲೇ. ಪರವಾನಗಿ ರಾಜ್ಯದ ಸೋಮಾರಿತನ ಎಂದು ನಾವೆಲ್ಲ ನಗುತ್ತೇವೆ. ನಗಬೇಕಾದದ್ದೇ. ಆದರೆ 2014ರ ಮೇ ತಿಂಗಳಲ್ಲಿ ತಯಾರಿಕೆ ನಿಲ್ಲುವವರೆಗೂ ಆ ಕಾರಿನ ರೂಫಿನ ಕೆಳಗೆ ರುಮಾಲು ಸುತ್ತಿದ ರೈತ ರುಮಾಲು ತೆಗೆಯದೇ ಕೂರಬಹುದಿತ್ತು. ಅಂಬಾಸಿಡರಿನ ಸೋಮಾರಿ ಫೇಸ್‌ಲಿಫ್ಟನ್ನು ನಕ್ಕವರು, ಎಂಬತ್ತು ಲಕ್ಷದ ಕಾರಿನಲ್ಲಿ ಗ್ರಿಲ್ ಬದಲಾದರೆ ಚಪ್ಪಾಳೆ ತಟ್ಟುವುದು ಯಾವ ನ್ಯಾಯ?

‘ಕತ್ತರಿಸುವ’ ಕೆಲಸ ನಮ್ಮ ದೇಶದಲ್ಲೂ ನಡೆದಿದೆ. 2006ರ ಕೇಂದ್ರ ಬಜೆಟ್ಟಿನಲ್ಲಿ ನಾಲ್ಕು ಮೀಟರಿಗಿಂತ ಗಿಡ್ಡವಾದ, ಚಿಕ್ಕ ಎಂಜಿನ್ನಿನ ಕಾರುಗಳ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಿದರು. ಟಾಟಾದವರು 2008ರಲ್ಲಿ ಇಂಡಿಗೋ ಕಾರಿನ ಬಾಲ ಕತ್ತರಿಸಿ ಇಂಡಿಗೋ ಸಿಎಸ್ ಮಾಡಿದರು. ಮಾರುತಿಯವರು 2012ರಲ್ಲಿ ಡಿಜೈರ್‌ನ ಡಿಕ್ಕಿ ಕತ್ತರಿಸಿ 3,995 ಮಿಲಿಮೀಟರಿಗೆ ತಂದರು. ನೋಡಲು ಯಾರೋ ಹಿಂದಿನಿಂದ ಒದ್ದ ಹಾಗಿತ್ತು. ಆದರೆ ಆ ಕತ್ತರಿ ಆಡಿದ್ದು ಸಾಮಾನಿನ ಮೇಲೆ, ಮನುಷ್ಯರ ಮೇಲಲ್ಲ. ಅಪ್ಪ ಅಮ್ಮನ ತಲೆಗೆ ಜಾಗ ಉಳಿಸಿ ಸೂಟ್‌ಕೇಸಿನ ಜಾಗ ಕಡಿಮೆ ಮಾಡಿದರು, ಅದರಿಂದ ಉಳಿದ ತೆರಿಗೆ ಗಿರಾಕಿಗೆ ಸಿಕ್ಕಿತು. ಶ್ರೀಮಂತರ ಕೂಪೆಯಲ್ಲಿ ಕತ್ತರಿ ಆಡಿದ್ದು ಮನುಷ್ಯರ ನೆತ್ತಿಯ ಮೇಲೆ, ಅದಕ್ಕೆ ಹೆಚ್ಚು ದುಡ್ಡು. ಡಿಜೈರ್ ಕುರೂಪಿ ಎಂದು ನಗುವ ಮುಂಚೆ ಯಾರ ಕತ್ತರಿ ಯಾರಿಗಾಗಿ ಆಡಿತು ಎಂದು ಕೇಳಬೇಕು.

ಈಗ ಮುಖ್ಯ ಪ್ರಶ್ನೆ: ಹಿಂದಿನ ಸೀಟಿನಲ್ಲಿ ಕೂರುವವರು ಯಾರು? ಜರ್ಮನಿಯಲ್ಲಿ ಆ ಸೀಟು ಬಹುಪಾಲು ಖಾಲಿ ಇರಬಹುದು, ಕೋಟು ಬಿಸಾಡುವ ಜಾಗವಾಗಿರಬಹುದು. ನಮ್ಮಲ್ಲಿ? ವಲಸೆ ಬಂದ ನಮ್ಮಂಥವರ ಕಾರು ಓಡಿಸುವವರು ನಾವೇ, ಡ್ರೈವರ್ ಇಲ್ಲ. ಪಕ್ಕದಲ್ಲಿ ಹೆಂಡತಿ ಅಥವಾ ಗಂಡ. ಹಿಂದೆ ಕೂರುವವರು ವರ್ಷಕ್ಕೆ ಎರಡು ಸಲ ಊರಿಂದ ಬರುವ ತಂದೆ ತಾಯಿ, ಅವರ ಮಧ್ಯೆ ಮೊಮ್ಮಗು. ಯಾರ ಬೆವರಿನಿಂದ ನಾವು ಈ ಕಾರಿನವರೆಗೆ ಬಂದೆವೋ ಅವರು.

ಕಳೆದ ವರ್ಷ ನಮ್ಮ ಅಪ್ಪ ಕಲಬುರಗಿಯಿಂದ ಉದ್ಯಾನ ಎಕ್ಸ್‌ಪ್ರೆಸ್ಸಿಗೆ ಬಂದಿದ್ದರು. ಗೆಳೆಯನೊಬ್ಬ ಆಗಷ್ಟೇ ಫೇಸ್‌ಲಿಫ್ಟ್ ಆದ ಇಂಥದೇ ಒಂದು ಕಾರು ಕೊಂಡಿದ್ದ. ಪ್ರೀತಿಯಿಂದ ಅದನ್ನೇ ತೆಗೆದುಕೊಂಡು ದೌಂಡ್ ಸ್ಟೇಷನ್ನಿಗೆ ಬಂದ. “ಬರ್ರಿ ಕಾಕಾ” ಅಂತ ಹಿಂದಿನ ಬಾಗಿಲು ತೆಗೆದ. ಅಪ್ಪನಿಗೆ ಎಪ್ಪತ್ತಾರು, ಎತ್ತರದ ಆಳು, ಮೊಣಕಾಲು ನೋವು. ಮೊದಲು ತಲೆ ಹಾಕಿದರು, ಟೋಪಿ ಬಿತ್ತು. ಆಮೇಲೆ ಕಾಲು ಹಾಕಿದರು, ನೆತ್ತಿ ಬಾಗಿಲಿನ ಅಂಚಿಗೆ ಬಡಿಯಿತು. ಮೂರನೇ ಸಲ ಹಿಂಬದಿ ಮಾಡಿ ಕೂತು, ಕಾಲು ಎಳೆದುಕೊಂಡರು. ಬಾಗಿಲು ಹಾಕಿದ ಮೇಲೆ ಅಪ್ಪ ಒಂದು ಕ್ಷಣ ಸುಮ್ಮನಿದ್ದು ಕೇಳಿದರು: “ತಮ್ಮಾ, ಈ ಗಾಡ್ಯಾಗ ಕುಂದ್ರಬೇಕೋ, ಮಕ್ಕೋಬೇಕೋ?”

ಗೆಳೆಯ ಜೋರಾಗಿ ನಕ್ಕ, ಅಪ್ಪನೂ ನಕ್ಕರು. ಆಮೇಲೆ ಗೆಳೆಯ ಧ್ವನಿಯಲ್ಲೇ ಆಜ್ಞೆ ಕೊಟ್ಟು ಕಾರಿನೊಳಗಿನ ಬಣ್ಣ ನೀಲಿಯಿಂದ ನೇರಳೆಗೆ ಬದಲಿಸಿ ತೋರಿಸಿದ. ಅಪ್ಪ “ಭಾಳ ಚೊಲೊ ಅದ” ಅಂದರು. ಮರುದಿನ ಪೇಟೆಗೆ ಹೋಗುವಾಗ “ಆಟೋ ಸಿಗ್ತದೇನು?” ಅಂತ ಕೇಳಿದರು. ದೌಂಡಿನ ಆಟೋದಲ್ಲಿ ಸ್ಕ್ರೀನ್ ಇಲ್ಲ, ಮಸಾಜ್ ಇಲ್ಲ. ಎಪ್ಪತ್ತಾರರ ಮನುಷ್ಯ ನಡು ಬಗ್ಗಿಸದೆ ಹತ್ತಿ ಇಳಿಯಬಹುದು, ಅಷ್ಟೇ.

ಇಲ್ಲಿ ನೀವು ತಡೆಯುತ್ತೀರಿ ಎಂದು ಗೊತ್ತು. “ಸ್ವಾಮಿ, ಚೆಂದ ಅನ್ನುವುದಕ್ಕೂ ಒಂದು ಬೆಲೆ ಇದೆ. ಎಲ್ಲವನ್ನೂ ಉಪಯೋಗದ ತಕ್ಕಡಿಯಲ್ಲಿ ತೂಗಿದರೆ ಹಂಪಿಯ ಕಲ್ಲಿನ ರಥವನ್ನೂ ತೂಗಬೇಕಾಗುತ್ತದೆ. ಇಳಿಜಾರು ರೂಫಿನಿಂದ ಗಾಳಿಯ ತಡೆಯೂ ಕಡಿಮೆ.” ಒಪ್ಪಿದೆ. ಮೂರನೇ ಸಿಎಲ್‌ಎಸ್‌ನ ಗಾಳಿ ತಡೆಯ ಅಂಕ 0.26, ಒಳ್ಳೆಯ ಅಂಕವೇ. ಪುಣೆ–ಸೊಲ್ಲಾಪುರ ಹೆದ್ದಾರಿಯಲ್ಲಿ ಅದು ಸಂಜೆಯ ಬಿಸಿಲಲ್ಲಿ ಹಾದುಹೋದರೆ ನಾನೂ ತಿರುಗಿ ನೋಡುತ್ತೇನೆ. ಆದರೆ ಹಂಪಿಯ ರಥ ನಮ್ಮನ್ನು ಹತ್ತಿಸಿಕೊಳ್ಳುತ್ತೇನೆ ಎಂದು ಹೇಳಲಿಲ್ಲ. ಎರಡು ಬಾಗಿಲಿನ ಕೂಪೆಯೂ ಹೇಳುವುದಿಲ್ಲ. ನಾಲ್ಕು ಬಾಗಿಲು ಇಟ್ಟವನು ಹೇಳುತ್ತಾನೆ. ಹಿಂದಿನ ಬಾಗಿಲು ಎಂದರೆ ಒಂದು ಆಹ್ವಾನ. ಊಟಕ್ಕೆ ಕರೆದು ಎಲೆ ಹಾಸಿ ಅನ್ನ ಬಡಿಸದೆ, ಎಲೆ ಎಷ್ಟು ಹಸಿರಾಗಿದೆ ನೋಡಿ ಎನ್ನುವುದನ್ನು ನಾನು ಸೌಂದರ್ಯ ಎನ್ನಲಾರೆ.

ಎರಡನೇ ಆಕ್ಷೇಪ ಇದಕ್ಕಿಂತ ಗಟ್ಟಿ: ಫೇಸ್‌ಲಿಫ್ಟಿನಲ್ಲಿ ನಿಜವಾದ ಸುಧಾರಣೆಗಳೂ ಬರುತ್ತವಲ್ಲ? ಬರುತ್ತವೆ. 2014ರ ಸಿಎಲ್‌ಎಸ್‌ನ ಮಲ್ಟಿಬೀಮ್ ದೀಪವನ್ನೇ ತೆಗೆದುಕೊಳ್ಳಿ. ಒಂದೊಂದು ಹೆಡ್‌ಲೈಟಿನ ಹೈಬೀಮಿನಲ್ಲಿ ಬೇರೆಬೇರೆಯಾಗಿ ನಿಯಂತ್ರಿಸುವ 24 ಎಲ್‌ಇಡಿ. ಕ್ಯಾಮೆರಾ ಎದುರಿನ ವಾಹನವನ್ನು ಗುರುತಿಸಿ, ಅವರ ಕಣ್ಣಿಗೆ ಬೀಳುವ ಬೆಳಕನ್ನಷ್ಟೇ ಆರಿಸಿ, ಉಳಿದ ರಸ್ತೆಯನ್ನು ಬೆಳಗಿಸಿಯೇ ಇಡುತ್ತದೆ. ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಪಾಟಸ್‌ನಿಂದ ದೌಂಡಿಗೆ ಬಂದವರಿಗೆ ಇದರ ಬೆಲೆ ಗೊತ್ತು. ಎರಡೆರಡು ಟ್ರಾಲಿ ಕಟ್ಟಿಕೊಂಡು, ಹಿಂದೆ ಒಂದು ಕೆಂಪು ದೀಪವೂ ಇಲ್ಲದೆ ಟ್ರ್ಯಾಕ್ಟರ್ ಹೋಗುತ್ತಿರುತ್ತದೆ. ಎದುರಿನ ಟ್ರಕ್ಕಿನ ಬೆಳಕು ಕಣ್ಣಿಗೆ ಹೊಡೆದಾಗ ಮುಂದಿನ ಟ್ರಾಲಿ ಕಾಣುವುದೇ ಇಲ್ಲ. ಅಲ್ಲಿ ಒಳ್ಳೆಯ ದೀಪ ಎಂದರೆ ಜೀವ. ಇಂಥ ಅಪ್‌ಡೇಟಿಗೆ ನನ್ನ ನಮಸ್ಕಾರ. ಆದರೆ ಗಮನಿಸಿ: ಜಾಹೀರಾತಿನಲ್ಲಿ, ರಿವ್ಯೂಗಳಲ್ಲಿ ಆ ದೀಪಕ್ಕೆ ಎಷ್ಟು ಸಾಲು, ಗ್ರಿಲ್ಲಿನ ಚುಕ್ಕಿಗೆ ಎಷ್ಟು ಸಾಲು? ಜೀವ ಉಳಿಸುವುದೂ ಮುಖ ತೊಳೆಯುವುದೂ ಒಂದೇ ಪಟ್ಟಿಯಲ್ಲಿ, ಒಂದೇ ಉಸಿರಿನಲ್ಲಿ ಬರುತ್ತವೆ. ಗಿರಾಕಿಗೆ ವ್ಯತ್ಯಾಸ ತಿಳಿಯದಿರಲಿ ಎಂದೇ ಆ ಪಟ್ಟಿ ಹಾಗಿರುತ್ತದೆ.

ಸುರಕ್ಷತೆಯ ನಿಜವಾದ ಮೆಟ್ಟಿಲುಗಳನ್ನು ಈ ದೇಶದಲ್ಲಿ ಕಟ್ಟಿದ್ದು ಫೇಸ್‌ಲಿಫ್ಟ್ ಅಲ್ಲ, ಕಾನೂನು. ಎಲ್ಲ ಕಾರುಗಳಿಗೂ ಎಬಿಎಸ್ ಬ್ರೇಕ್ 2019ರಲ್ಲಿ ಕಡ್ಡಾಯವಾಯಿತು. ಡ್ರೈವರಿನ ಏರ್‌ಬ್ಯಾಗ್ ಅದೇ ವರ್ಷ, ಪಕ್ಕದವರದ್ದು 2021ರಿಂದ. ಆರು ಏರ್‌ಬ್ಯಾಗ್ ಎಂಬ ಮಾತು 2022ರಲ್ಲಿ ಬಂತು, 2023ರ ಅಕ್ಟೋಬರಿಗೆ ಮುಂದೂಡಿದರು, ಕೊನೆಗೆ ಕಡ್ಡಾಯ ಮಾಡುವುದಿಲ್ಲ ಎಂದರು. ಆ ಆರರಲ್ಲಿ ಹಿಂದಿನವರ ತಲೆ ಕಾಯುವ ಪರದೆಯಂಥ ಏರ್‌ಬ್ಯಾಗ್‌ಗಳೂ ಇದ್ದವು. 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಹತ್ತಿರ ಸೈರಸ್ ಮಿಸ್ತ್ರಿ ತೀರಿಕೊಂಡ ಅಪಘಾತವನ್ನು ಯಾರೂ ಮರೆತಿಲ್ಲ. ದೊಡ್ಡ ಕಾರು, ದೊಡ್ಡ ಹೆಸರು. ಮುಂದೆ ಕೂತ ಇಬ್ಬರು ಬದುಕಿದರು. ಬೆಲ್ಟ್ ಹಾಕದೆ ಹಿಂದೆ ಕೂತಿದ್ದ ಇಬ್ಬರು ಉಳಿಯಲಿಲ್ಲ. ಅದಾದ ಮೇಲೆ ಒಂದು ತಿಂಗಳು ಎಲ್ಲರೂ ಹಿಂದಿನ ಸೀಟಿನ ಬಗ್ಗೆ ಮಾತಾಡಿದರು. ಆಮೇಲೆ ಮತ್ತೆ ಮುಂದಿನ ಸ್ಕ್ರೀನ್ ಎಷ್ಟು ಇಂಚು ಎಂಬಲ್ಲಿಗೆ ಬಂದು ಕೂತರು.

ಸ್ಕ್ರೀನಿನ ವಿಷಯಕ್ಕೆ ಬಂದರೆ ಅದು ನನ್ನ ಕಸುಬಿಗೇ ಸೇರಿದ್ದು, ಹಾಗಾಗಿ ಬಾಯಿ ಬಿಟ್ಟೇ ಹೇಳುತ್ತೇನೆ. ಫೇಸ್‌ಲಿಫ್ಟಿನಲ್ಲಿ ಗುಂಡಿಗಳು ಹೋಗಿ ಟಚ್‌ಸ್ಕ್ರೀನ್ ಬರುವುದನ್ನು ‘ಆಧುನಿಕ’ ಎಂದು ಮಾರುತ್ತಾರೆ. ಒಳಗಿನ ಲೆಕ್ಕ ಬೇರೆ. ಒಂದೊಂದು ಗುಂಡಿಗೂ ಅಚ್ಚು ಬೇಕು, ತಂತಿ ಬೇಕು, ಜೋಡಿಸಲು ಕೈ ಬೇಕು. ಸ್ಕ್ರೀನಿನ ಮೇಲಿನ ಗುಂಡಿಗೆ ನನ್ನಂಥವನ ಟೀಮಿನ ಎರಡು ವಾರದ ಸ್ಪ್ರಿಂಟ್ ಸಾಕು. ಕಂಪನಿಗೆ ಅಗ್ಗವಾದದ್ದು ಗಿರಾಕಿಗೆ ಐಷಾರಾಮವಾಗುತ್ತದೆ. ಓಡಿಸುವವನು ಎಸಿ ಕಡಿಮೆ ಮಾಡಲು ರಸ್ತೆ ಬಿಟ್ಟು ಸ್ಕ್ರೀನ್ ನೋಡಬೇಕು. ಯೂರೋಪಿನ ಅಪಘಾತ ಪರೀಕ್ಷಾ ಸಂಸ್ಥೆ ಯೂರೋ ಎನ್‌ಸಿಎಪ್ ಕೊನೆಗೆ ಬೇಸತ್ತು, 2026ರಿಂದ ಪೂರ್ಣ ಅಂಕ ಬೇಕಾದರೆ ಇಂಡಿಕೇಟರ್, ಹಾರ್ನ್, ವೈಪರ್, ಹಜಾರ್ಡ್ ಲೈಟ್‌ನಂಥವಕ್ಕೆ ಕೈಗೆ ಸಿಗುವ ಗುಂಡಿಯೇ ಇರಬೇಕು ಎಂದಿತು. ತೆಗೆದ ಗುಂಡಿ ಮುಂದಿನ ಫೇಸ್‌ಲಿಫ್ಟಿನಲ್ಲಿ ವಾಪಸು ಬರುತ್ತದೆ, ಆಗಲೂ ಅದಕ್ಕೆ ‘ಹೊಸ ಫೀಚರ್’ ಎಂದೇ ಹೆಸರು.

ಮುಂದಿನ ಹೆಜ್ಜೆ ಇನ್ನೂ ಚುರುಕು. ಸಾಮಾನನ್ನು ಕಾರಿನಲ್ಲಿ ಕೂರಿಸಿ, ಸಾಫ್ಟ್‌ವೇರಿನಿಂದ ಬೀಗ ಹಾಕಿ, ಬೀಗ ತೆಗೆಯಲು ಬಾಡಿಗೆ ಕೇಳುವುದು. ಬಿಎಂಡಬ್ಲ್ಯು ಕೆಲವು ದೇಶಗಳಲ್ಲಿ ಸೀಟು ಬಿಸಿ ಮಾಡುವ ಸೌಲಭ್ಯಕ್ಕೆ ತಿಂಗಳ ಚಂದಾ ಇಟ್ಟಿತು, ಜನ ಉಗಿದ ಮೇಲೆ 2023ರಲ್ಲಿ ಕೈಬಿಟ್ಟಿತು. ಆ ಸೀಟಿನ ತಂತಿಗೆ ದುಡ್ಡು ಕೊಟ್ಟವನು ಗಿರಾಕಿ, ಬಿಸಿ ಮಾತ್ರ ಕಂಪನಿಯದು. ಕೊಂಡ ಮನೆಯ ಒಂದು ಕೋಣೆಗೆ ಬಾಡಿಗೆ ಕೊಟ್ಟ ಹಾಗೆ.

ಇನ್ನು ದುಡ್ಡಿನ ಲೆಕ್ಕ. ನಮ್ಮ ವರ್ಗದವರು ಇಂಥ ಕಾರನ್ನು ನಗದಿನಲ್ಲಿ ಕೊಳ್ಳುವುದಿಲ್ಲ. ನಲವತ್ತು ಲಕ್ಷ ಸಾಲ, ಏಳು ವರ್ಷ, ಶೇ. 9 ಬಡ್ಡಿ ಎಂದಿಟ್ಟುಕೊಳ್ಳಿ. ಇಎಂಐ ಸುಮಾರು 64,400 ರೂಪಾಯಿ. ಒಟ್ಟು ಕಟ್ಟುವುದು 54 ಲಕ್ಷ. ಮೂರೂವರೆ ವರ್ಷಕ್ಕೆ ಫೇಸ್‌ಲಿಫ್ಟ್ ಬರುತ್ತದೆ. ಆ ದಿನ ನಿಮ್ಮ ಸಾಲ ಇನ್ನೂ ಸುಮಾರು 23 ಲಕ್ಷ ಬಾಕಿ. ಕಾರು ಹಾಗೇ ಇದೆ, ಎಂಜಿನ್ ಹಾಗೇ ಇದೆ, ಒಂದು ಗೀರಿಲ್ಲ. ಆದರೆ ಆ ಬೆಳಗ್ಗೆಯಿಂದ ಅದಕ್ಕೆ ಹೊಸ ಹೆಸರು: ‘ಪ್ರಿ-ಫೇಸ್‌ಲಿಫ್ಟ್’. ಸೆಕೆಂಡ್‌ಹ್ಯಾಂಡ್ ಪೇಟೆಯಲ್ಲಿ ಆ ಒಂದು ಪದಕ್ಕೇ ಬೆಲೆ ಇಳಿಯುತ್ತದೆ. ನಿಮ್ಮ ಸಾಲ ಅರ್ಧಕ್ಕೆ ಬರುವ ಹೊತ್ತಿಗೆ ಸರಿಯಾಗಿ ನಿಮ್ಮ ಆಸೆಗೆ ಮತ್ತೆ ಕಿಡಿ ಹಚ್ಚುವಂತೆ ಈ ಪಂಚಾಂಗ ಬರೆದಿದ್ದಾರೆ. ಇದಕ್ಕಿಂತ ಕರಾರುವಾಕ್ಕಾದ ಪ್ರಾಜೆಕ್ಟ್ ಪ್ಲಾನನ್ನು ಇಪ್ಪತ್ತು ವರ್ಷದ ನೌಕರಿಯಲ್ಲಿ ನಾನು ನೋಡಿಲ್ಲ.

ಹಾಗಾದರೆ ಒಳ್ಳೆಯ ಫೇಸ್‌ಲಿಫ್ಟ್ ಎಂಬುದು ಇಲ್ಲವೇ? ಇದೆ, ಅದೂ ನಮ್ಮ ಪುಣೆಯಲ್ಲೇ ಆಗಿದೆ. 1998ರಲ್ಲಿ ಪಿಂಪ್ರಿ-ಚಿಂಚವಾಡದ ಟಾಟಾ ಕಾರ್ಖಾನೆಯಿಂದ ಇಂಡಿಕಾ ಬಂತು. ರತನ್ ಟಾಟಾ ಇಟ್ಟಿದ್ದ ಗುರಿ ಸರಳ: ಹೊರಗೆ ಝೆನ್‌ನಷ್ಟು ಗಾತ್ರ, ಒಳಗೆ ಅಂಬಾಸಿಡರಿನಷ್ಟು ಜಾಗ, ಬೆಲೆ ಮಾರುತಿ 800ರ ಹತ್ತಿರ. ಕೂಪೆಯ ತರ್ಕಕ್ಕೆ ಇದು ತೀರಾ ಉಲ್ಟಾ. ಹೊರಗೆ ಚಿಕ್ಕದಾಗಿ, ಒಳಗೆ ದೊಡ್ಡದಾಗಿ. ಆ ಮೊದಲ ಇಂಡಿಕಾದಲ್ಲಿ ದೂರುಗಳ ಮೂಟೆಯೇ ಇತ್ತು, ಗಿರಾಕಿಗಳು ಬೈದರು. ಕಂಪನಿ 2001ರಲ್ಲಿ ವಿ2 ತಂದಿತು. ನೋಡಿದರೆ ಹೆಚ್ಚುಕಡಿಮೆ ಅದೇ ಕಾರು. ಬದಲಾದದ್ದು ಒಳಗೆ, ಜನ ಯಾವುದನ್ನು ಬೈದಿದ್ದರೋ ಅಲ್ಲಿ. ಆಮೇಲೆ ಇಂಡಿಕಾ ಮಾರಾಟವಾದದ್ದು, ಟ್ಯಾಕ್ಸಿಯಾಗಿ ಊರೂರು ತಿರುಗಿದ್ದು ನಮ್ಮ ಕಣ್ಣೆದುರಿನ ಕಥೆ. ಮುಖ ಮುಟ್ಟದೆ ಹೊಟ್ಟೆನೋವು ವಾಸಿ ಮಾಡಿದ ಅಪ್‌ಡೇಟ್ ಅದು. ಅಪ್‌ಡೇಟ್ ಎಂಬ ಪದಕ್ಕೆ ನನ್ನ ಮಟ್ಟಿಗೆ ಅದೇ ಅಳತೆಗೋಲು.

ಆ ಗೋಲನ್ನು ನಮ್ಮ ರೈಲಿಗೂ ಇಟ್ಟು ನೋಡಬಹುದು. ಪುಣೆ–ದೌಂಡ್ ಹಳಿಯ ಮೇಲೆ ವಿದ್ಯುತ್ ತಂತಿ ಬಂತು, ಆ ತಂತಿಯ ಕೆಳಗೇ ವರ್ಷಗಟ್ಟಲೆ ಡೀಸೆಲ್ ಡೆಮು ಓಡಿತು. ಮುಂಬೈಯ ಲೋಕಲ್‌ನಂಥ ಸೇವೆ ಕೊಡಿ ಎಂದು ದಿನವೂ ಓಡಾಡುವವರು ಕೇಳುತ್ತಲೇ ಬಂದಿದ್ದಾರೆ. ನಮ್ಮ ಕಾಲದ ಕಾಯಿಲೆಯೇ ಇದು, ಕಾರಿಗಷ್ಟೇ ಅಂಟಿದ್ದಲ್ಲ. ಕಾಣುವುದನ್ನು ಬದಲಿಸು, ಕೂರುವವನನ್ನು ಹಾಗೇ ಬಿಡು.

ಕಾರು ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಬಾಲ್ಯದಲ್ಲಿ ಟಂಟಂನಲ್ಲಿ ನೇತಾಡಿ ಬಂದವರಿಗೆ ಒಳ್ಳೆಯ ಕಾರಿನ ಆಸೆ ಪಡುವ ಎಲ್ಲ ಹಕ್ಕೂ ಇದೆ. ನಾನು ಹೇಳುವುದು ಇಷ್ಟೇ. ಶೋರೂಮಿಗೆ ಒಬ್ಬರೇ ಹೋಗಬೇಡಿ, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗಿ. ಸೇಲ್ಸಿನ ಹುಡುಗ ನಿಮ್ಮನ್ನು ಸ್ಟೀರಿಂಗ್ ಹಿಂದೆ ಕೂರಿಸಲು ಓಡಿ ಬರುತ್ತಾನೆ, ನೀವು ಮೊದಲು ಹಿಂದಿನ ಬಾಗಿಲು ತೆಗೆಯಿರಿ. ಅವರು ಹತ್ತಲಿ, ಇಳಿಯಲಿ, ಎರಡು ಸಲ. ಮಧ್ಯದ ಸೀಟಿನಲ್ಲಿ ಮೂರು ಬಿಂದುವಿನ ಬೆಲ್ಟ್ ಇದೆಯೇ, ತಲೆಗೆ ಆಸರೆ ಇದೆಯೇ ನೋಡಿ. ಹಿಂದಿನವರಿಗೆ ಯಾವ ಏರ್‌ಬ್ಯಾಗ್ ಎಂದು ಕೇಳಿ. ‘ಹೊಸದೇನು’ ಎಂಬ ಪಟ್ಟಿ ಕೈಗೆ ಕೊಟ್ಟರೆ ಪೆನ್ನು ತೆಗೆದು ಎರಡು ಭಾಗ ಮಾಡಿ: ಜೀವಕ್ಕೆ, ಮೈಗೆ ಆಗಿಬರುವುದು ಒಂದು ಕಡೆ, ಪಾರ್ಕಿಂಗಿನಲ್ಲಿ ನಿಂತಾಗ ನೆರೆಯವರ ಕಣ್ಣಿಗೆ ಆಗಿಬರುವುದು ಇನ್ನೊಂದು ಕಡೆ. ಎರಡನೇ ಕಡೆ ಉದ್ದವಾದರೆ ನೀವು ಕೊಳ್ಳುತ್ತಿರುವುದು ನೆರೆಯವರಿಗಾಗಿ, ಇಎಂಐ ಮಾತ್ರ ನಿಮ್ಮದು.

ಕನ್ನಡದಲ್ಲಿ ಕಾರಿನ ಬಗ್ಗೆ ಬರೆಯುವ, ವಿಡಿಯೋ ಮಾಡುವ ಗೆಳೆಯರಿಗೂ ಒಂದು ಮಾತು. ಸೊನ್ನೆಯಿಂದ ನೂರು ಕಿಲೋಮೀಟರ್ ವೇಗಕ್ಕೆ ಎಷ್ಟು ಸೆಕೆಂಡು ಎಂದು ನೀವು ಅಳೆಯುತ್ತೀರಿ. ಎಪ್ಪತ್ತು ದಾಟಿದವರು ಹಿಂದಿನ ಸೀಟಿಗೆ ಹತ್ತಲು ಎಷ್ಟು ಸೆಕೆಂಡು ಎಂದು ಒಮ್ಮೆ ಅಳೆದು ಹೇಳಿ. ಆ ಅಂಕಿ ಜಾಹೀರಾತಿನಲ್ಲಿ ಬರತೊಡಗಿದ ದಿನ ಕಂಪನಿಯವರು ಗ್ರಿಲ್ಲಿನ ನಕ್ಷತ್ರ ಬಿಟ್ಟು ರೂಫಿನ ಅಚ್ಚಿಗೆ ಕೈ ಹಾಕುತ್ತಾರೆ. ಅಲ್ಲಿಯವರೆಗೆ ಫೇಸ್‌ಲಿಫ್ಟ್ ಎಂದರೆ ಮುಂದಿನವರಿಗೆ ಕನ್ನಡಿ, ಹಿಂದಿನವರಿಗೆ ಮೊಟಕು.